ಉರಿಯುವ ಮಂಜುಗಡ್ಡೆಯನ್ನು ಯಾರೂ ಬಚ್ಚಿಟ್ಟಿಲ್ಲ

ಓದುಗರ ಪತ್ರ: ‘ಸಮುದ್ರದ ತಳದಲ್ಲಿ ಮೀಥೇನ್ ಹೈಡ್ರೇಟ್ ರಾಶಿ ಬಿದ್ದಿದೆ, ಇನ್ನು ಇಂಧನಕ್ಕೆ ಬರವಿಲ್ಲ ಅಂತ ಬರೆದಿದ್ದಿರಿ. ಹಾಗಾದರೆ ಯಾಕೆ ತೆಗೆಯುತ್ತಿಲ್ಲ? ತೈಲ ಕಂಪನಿಗಳು ಬಚ್ಚಿಟ್ಟಿವೆಯೇ? ಒಂದು ತುಂಡು ತಂದು ಫ್ರಿಜ್‌ನಲ್ಲಿಟ್ಟು ಮಕ್ಕಳಿಗೆ ತೋರಿಸಬಹುದೇ?’
– ಒಬ್ಬ ವಿಜ್ಞಾನ ಮೇಷ್ಟ್ರು

ಸಂಪಾದಕರ ಉತ್ತರ: ಮೇಷ್ಟ್ರೇ, ಮೊದಲು ತಪ್ಪೊಪ್ಪಿಗೆ. ‘ಇನ್ನು ಬರವಿಲ್ಲ’ ಎಂಬ ತಲೆಬರಹ ಕೊಟ್ಟವನು ನಾನೇ. ಲೇಖಕರು ಪಾಪ, ಅಷ್ಟು ದೂರ ಹೋಗಿರಲಿಲ್ಲ.

ರಾಶಿ ಇರುವುದೇನೋ ನಿಜ. ನೀರಿನ ಅಣುಗಳು ಪಂಜರ ಕಟ್ಟಿ, ಒಳಗೆ ಮೀಥೇನ್ ಎಂಬ ಉರಿಯುವ ಅನಿಲವನ್ನು ಕೂಡಿಹಾಕಿಕೊಂಡ, ಮಂಜುಗಡ್ಡೆಯಂಥ ಗಡ್ಡೆ ಇದು. ಒಂದು ಘನ ಮೀಟರ್ ಕರಗಿದರೆ ಸುಮಾರು 160 ಘನ ಮೀಟರ್ ಅನಿಲ. ಇಂಥ ಲೆಕ್ಕ ಕೇಳಿದರೆ ಯಾರಿಗೆ ಆಸೆಯಾಗಲ್ಲ ಹೇಳಿ!

ಆದರೆ ತೈಲದ ಹಾಗೆ ಇದು ಹರಿದು ಬರುವುದಿಲ್ಲ. ಮರಳಿನ ಸಂದಿಯಲ್ಲಿ, ಕೆಸರಿನ ಬಿರುಕಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬಿಸಿ ಮಾಡಿ ಕರಗಿಸುವುದು ದುಬಾರಿ. ಅದಕ್ಕೇ ಬಾವಿಯಿಂದ ನೀರೆಳೆದು ಒತ್ತಡ ಇಳಿಸುತ್ತಾರೆ. ಆಳದ ಒತ್ತಡ ಹಿಡಿದಿಟ್ಟಿದ್ದ ಪಂಜರ ಆಗ ಒಡೆಯುತ್ತದೆ. 2008ರಲ್ಲಿ ಕೆನಡಾದ ಮಾಲಿಕ್‌ನಲ್ಲಿ, ಹೆಪ್ಪುಗಟ್ಟಿದ ನೆಲದಡಿಯ ಹೈಡ್ರೇಟ್‌ನಿಂದ ಹೀಗೆ ಆರು ದಿನ ಅನಿಲ ಬಂತು.

ಕರಗುವಾಗ ಹೈಡ್ರೇಟ್ ಸುತ್ತಲಿನ ಶಾಖ ಹೀರುತ್ತದೆ. ಸಮುದ್ರದ ತಳ ಕೊರೆದು ಮಣ್ಣು ತುಂಬಿಕೊಂಡ ಕೊಳವೆ ಹಡಗಿಗೆ ಬಂದ ಕೂಡಲೇ ಅದರ ಉದ್ದಕ್ಕೂ ಶಾಖ ತೋರಿಸುವ ಕ್ಯಾಮೆರಾ ಓಡಿಸುತ್ತಾರೆ. ಎಲ್ಲಿ ತಣ್ಣನೆಯ ಕಲೆ ಕಾಣುತ್ತದೋ ಅಲ್ಲಿ ಹೈಡ್ರೇಟ್ ಇದೆ ಅಂತ ಗುರುತು. ಬೇಗ ಕತ್ತರಿಸಿ ಎತ್ತಿಡಬೇಕು. ತಡವಾದರೆ ಕೈಗೆ ಸಿಗುವುದು ಒದ್ದೆ ಕೆಸರು. ಹುಡುಕುವವರಿಗೆ ನೆರವಾಗುವ ಈ ತಂಪೇ ತೆಗೆಯುವವರಿಗೆ ಕಾಟ. ಬಾವಿಯ ಸುತ್ತ ತಣ್ಣಗಾದಷ್ಟೂ ಕರಗುವುದು ನಿಧಾನ.

ಅದಕ್ಕಿಂತ ದೊಡ್ಡ ಕಾಟ ಮರಳು. ಕಣಗಳನ್ನು ಅಂಟಿನಂತೆ ಹಿಡಿದಿದ್ದುದೇ ಹೈಡ್ರೇಟ್. ಅದೇ ಕರಗಿದ ಮೇಲೆ ಮರಳು ಯಾರ ಮಾತು ಕೇಳುತ್ತದೆ? ಸೀದಾ ಬಾವಿಗೆ ನುಗ್ಗುತ್ತದೆ. 2013ರ ಮಾರ್ಚ್‌ನಲ್ಲಿ ಜಪಾನಿನವರು ನಾನ್‌ಕಾಯ್ ಕಂದಕದಲ್ಲಿ, ಸಮುದ್ರದಡಿಯ ಹೈಡ್ರೇಟ್‌ನಿಂದ ಮೊದಲ ಬಾರಿ ಅನಿಲ ತೆಗೆದರು. ಆರು ದಿನಕ್ಕೆ ಮರಳು ಬಂದು ಕೆಲಸ ನಿಂತಿತು. 2017ರಲ್ಲಿ ಮತ್ತೆ ಹೋದರು. ಒಂದು ಬಾವಿಗೆ ಮತ್ತದೇ ಮರಳು! ಅದೇ ವರ್ಷ ಚೀನಾ ತನ್ನ ದಕ್ಷಿಣದ ಸಮುದ್ರದಲ್ಲಿ 60 ದಿನ ಅನಿಲ ಹರಿಸಿತು. 2020ರಲ್ಲಿ ಅಡ್ಡ ಬಾವಿ ಕೊರೆದು 30 ದಿನದಲ್ಲಿ 8.6 ಲಕ್ಷ ಘನ ಮೀಟರ್ ತೆಗೆಯಿತು. ದೊಡ್ಡ ಸಾಧನೆಯೇ, ಆದರೆ ಅದೂ ಪರೀಕ್ಷೆ. ಬಾವಿಯೊಂದು ವರ್ಷಗಟ್ಟಲೆ ಹೀಗೆ ಕೊಟ್ಟರೆ ತಾನೇ ಹಾಕಿದ ಬಂಡವಾಳ ಹುಟ್ಟುವುದು?

ಕೃಷ್ಣಾ–ಗೋದಾವರಿ ಕಡಲಲ್ಲಿ 2006ರಲ್ಲಿ ನೂರು ಮೀಟರಿಗೂ ದಪ್ಪದ ಪದರ ಸಿಕ್ಕಿತು. ಆದರೆ ಅದು ಜೇಡಿಮಣ್ಣಿನ ಬಿರುಕುಗಳಲ್ಲಿತ್ತು. ಜೇಡಿಮಣ್ಣು ಅನಿಲವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ತೈಲದವರು ಬಚ್ಚಿಡುವುದಿರಲಿ, ಅವರಿಗೆ ಇದರ ಪರಿಚಯವಾದದ್ದೇ ಶತ್ರುವಾಗಿ. ಅನಿಲದ ಕೊಳವೆಗಳು ಕಟ್ಟಿಕೊಳ್ಳುವುದು ಹೈಡ್ರೇಟ್‌ನಿಂದ ಎಂದು 1934ರಲ್ಲೇ ಗೊತ್ತಾಗಿತ್ತು. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ತೈಲ ಸೋರಿದಾಗ ಅದರ ಮೇಲೆ ದೊಡ್ಡ ಉಕ್ಕಿನ ಮುಚ್ಚಳ ಇಳಿಸಿದರಲ್ಲ, ಅದರ ಬಾಯಿ ಕಟ್ಟಿದ್ದೂ ಇದೇ.

ಇನ್ನು ಫ್ರಿಜ್. ನಾವು ಉಸಿರಾಡುವ ಗಾಳಿಯ ಒತ್ತಡದಲ್ಲಿ ಇದು ಕರಗದೆ ಉಳಿಯಲು ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗಿನ ಚಳಿ ಬೇಕು. ಲ್ಯಾಬ್‌ನವರು ದ್ರವ ಸಾರಜನಕದಲ್ಲಿ ಇಡುತ್ತಾರೆ. ಸದ್ಯಕ್ಕೆ ವಿಡಿಯೊ ತೋರಿಸಿ ಮೇಷ್ಟ್ರೇ. ಮೇಲೆ ಬೆಂಕಿ ಉರಿಯುತ್ತಿರುತ್ತದೆ, ಕೆಳಗೆ ನೀರು ತೊಟ್ಟಿಕ್ಕುತ್ತಿರುತ್ತದೆ. ಆ ನೀರು ಎಲ್ಲಿಂದ ಬಂತು ಅಂತ ಮಕ್ಕಳನ್ನೇ ಕೇಳಿ.