ಸಂಪಾದಕರ ಉತ್ತರ: ಹಕ್ಕು ಒಬ್ಬರಿಗೇ ಕೊಟ್ಟರೆ ಗೇಮ್ ಚೆನ್ನಾಗಿ ಬರುತ್ತಾ?

ದಾವಣಗೆರೆ ವಿದ್ಯಾನಗರದಿಂದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ: "ಸ್ಪೋರ್ಟ್ಸ್ ಗೇಮ್‌ಗಳಿಗೆ ಪೈಪೋಟಿ ಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಇಬ್ಬರು ಅರೆಬರೆ ಗೇಮ್ ಮಾಡುವ ಬದಲು ಒಂದೇ ಕಂಪನಿಗೆ ಐಪಿಎಲ್‌ನ ಪೂರ್ತಿ ಹಕ್ಕು ಕೊಟ್ಟರೆ, ಅವರು ದುಡ್ಡು ಸುರಿದು ಒಳ್ಳೆಯ ಗೇಮ್ ಮಾಡುವುದಿಲ್ಲವೇ ಸರ್?"

ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಇದನ್ನು ಅಮೆರಿಕದವರು ಆಗಲೇ ಮಾಡಿ ನೋಡಿದ್ದಾರೆ.

ಅಲ್ಲಿನ ಫುಟ್‌ಬಾಲ್‌ಗೆ (ಹೆಲ್ಮೆಟ್ ಹಾಕಿಕೊಂಡು ಆಡ್ತಾರಲ್ಲ, ಅದು) 2004ರಲ್ಲಿ ಎರಡು ದೊಡ್ಡ ಗೇಮ್ ಇದ್ದವು. ಇಎ ಕಂಪನಿಯ ಮ್ಯಾಡನ್, ಸೆಗಾ ಕಂಪನಿಯ ಎನ್‌ಎಫ್‌ಎಲ್ 2ಕೆ (ಎನ್‌ಎಫ್‌ಎಲ್ ಅಂದರೆ ಅಲ್ಲಿನ ಫುಟ್‌ಬಾಲ್ ಲೀಗ್). ಆನ್‌ಲೈನ್‌ನಲ್ಲಿ ಆಡುವ ಸೌಲಭ್ಯವನ್ನು 2ಕೆ 2000ದಲ್ಲೇ ಕೊಟ್ಟಿತ್ತು. ಮ್ಯಾಡನ್ ಆ ದಾರಿಗೆ ಬಂದಿದ್ದು 2002ರಲ್ಲಿ. 2004ರಲ್ಲಿ ಸೆಗಾದವರು ತಮ್ಮ 2ಕೆ5 ಅನ್ನು ಬರೀ 20 ಡಾಲರ್‌ಗೆ ಬಿಟ್ಟರು. 50 ಡಾಲರ್ ಇದ್ದ ಮ್ಯಾಡನ್ 30ಕ್ಕೆ ಇಳಿಯಲೇಬೇಕಾಯಿತು. 2ಕೆ5 ಅಗ್ಗದ ಮಾಲು ಅಂದುಕೊಳ್ಳಬೇಡಿ. ಅರ್ಧ ಪಂದ್ಯ ಮುಗಿದಾಗ ಟಿವಿಯಲ್ಲಿ ಬರುವ ಹಾಗೆ ನಿರೂಪಕ ಬಂದು, ನೀವು ಈಗಷ್ಟೇ ಆಡಿದ ತುಣುಕುಗಳನ್ನೇ ತೋರಿಸುತ್ತಾ ಮಾತಾಡುತ್ತಿದ್ದ. ಅದನ್ನು ನೆನೆಸಿಕೊಳ್ಳುವವರು ಇವತ್ತಿಗೂ ಇದ್ದಾರೆ.

ಅದೇ ಡಿಸೆಂಬರ್‌ನಲ್ಲಿ ಇಎ ಹೋಗಿ ಎನ್‌ಎಫ್‌ಎಲ್ ಹಕ್ಕನ್ನು ಪೂರ್ತಿ ತನ್ನದು ಮಾಡಿಕೊಂಡಿತು. ತಂಡ, ಆಟಗಾರರ ಹೆಸರು, ಸ್ಟೇಡಿಯಂ ಎಲ್ಲಾ. ಎನ್‌ಎಫ್‌ಎಲ್ 2ಕೆ ಅಲ್ಲಿಗೆ ನಿಂತಿತು. ಮುಂದಿನ ವರ್ಷ ಹೊಸ ಎಕ್ಸ್‌ಬಾಕ್ಸ್ 360ಗೆ ಬಂದ ಮ್ಯಾಡನ್‌ನಲ್ಲಿ ಹಳೇ ಕನ್ಸೋಲ್‌ಗಳ ಮ್ಯಾಡನ್‌ನಲ್ಲಿದ್ದ ಎಷ್ಟೋ ಸೌಲಭ್ಯಗಳೇ ಇರಲಿಲ್ಲ. ಪೈಪೋಟಿ ಇಲ್ಲದ್ದಕ್ಕೆ ಜಾಸ್ತಿ ಬೆಲೆ ತೆರಬೇಕಾಯಿತು ಅಂತ ಕೊಂಡವರು 2008ರಲ್ಲಿ ಕೋರ್ಟಿಗೆ ಹೋದರು. ಕೊನೆಗೆ ಇಎ 2.7 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ನಮ್ಮೂರಲ್ಲಿ 'ಬೆಣ್ಣೆ ದೋಸೆ' ಅಂತ ಬೋರ್ಡ್ ಹಾಕುವ ಹಕ್ಕು ಒಂದೇ ಹೋಟೆಲಿಗೆ ಅಂತಾದರೆ, ದೋಸೆ ಮೇಲಿನ ಬೆಣ್ಣೆ ಎಷ್ಟು ದಿನ ಅಷ್ಟೇ ಇರುತ್ತೆ ಹೇಳಿ?

ದುಡ್ಡು ಸುರಿಯುತ್ತಾರೆ ಅನ್ನುವುದು ನಿಜ. ಎಲ್ಲಿಗೆ ಸುರಿಯುತ್ತಾರೆ ಅನ್ನುವುದನ್ನು ನೋಡಬೇಕು. 2009ರಲ್ಲಿ ಇಎಯದೇ ಫಿಫಾ ಗೇಮ್‌ಗೆ (ಇದು ನಮಗೆ ಗೊತ್ತಿರುವ ಫುಟ್‌ಬಾಲ್) ಅಲ್ಟಿಮೇಟ್ ಟೀಮ್ ಬಂತು. ಪ್ಯಾಕ್ ಒಡೆದು ಆಟಗಾರರ ಕಾರ್ಡ್ ಹುಡುಕುವ ಆಟ ಅದು. ಮಾರ್ಚ್ 2021ಕ್ಕೆ ಮುಗಿದ ವರ್ಷದಲ್ಲಿ ಇಎಗೆ ಇಂಥ ಅಲ್ಟಿಮೇಟ್ ಟೀಮ್‌ಗಳಿಂದಲೇ 162 ಕೋಟಿ ಡಾಲರ್ ಬಂದಿದೆ. ಹಾಗಿರುವಾಗ ಗೋಲ್‌ಕೀಪರ್ ನೆಗೆಯುವ ರೀತಿ ಸರಿಮಾಡಲು ಯಾರಿಗೆ ಅವಸರ? ಅದೇ ಫಿಫಾ, ಕೊನಾಮಿ ಕಂಪನಿಯ ಪಿಇಎಸ್ ಅನ್ನುವ ಎದುರಾಳಿ ಗೇಮ್ ಜೋರಾಗಿದ್ದ ಕಾಲದಲ್ಲಿ ಆಟದ ಹಿಡಿತಕ್ಕಾಗಿ ತಲೆಕೆಡಿಸಿಕೊಂಡಿತ್ತು.

ಹಾಗಂತ ಇಬ್ಬರಿದ್ದರೆ ಎಲ್ಲಾ ಸರಿಹೋಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಹಕ್ಕು ಇಎ, 2ಕೆ ಎರಡಕ್ಕೂ ಇತ್ತು. ಆದರೂ ಇಎ ತನ್ನ ಎನ್‌ಬಿಎ ಎಲೀಟ್ 11ರ ಡೆಮೊ ನಗೆಪಾಟಲಾದ ಮೇಲೆ 2010ರಲ್ಲಿ ಗೇಮನ್ನೇ ರದ್ದು ಮಾಡಿತು. ಆ ವರ್ಷ ಮೈಕಲ್ ಜೋರ್ಡನ್‌ನನ್ನು ಕರೆತಂದ 2ಕೆ ಮೈದಾನ ಹೊಡೆದುಕೊಂಡಿತು. ಆಮೇಲೆ ಅದೂ ಆಟದೊಳಗೆ ದುಡ್ಡು ಕೀಳಲು ಶುರುಮಾಡಿತು, ಅದು ಬೇರೆ ಮಾತು. ಆದರೆ ಬಾಗಿಲು ತೆರೆದಿತ್ತು. 2013ರಲ್ಲಿ ಇಎ ವಾಪಸ್ ಬಂದು ಇನ್ನೊಂದು ಕೈ ನೋಡಲು ಆಯಿತು. ಮ್ಯಾಡನ್ ವಿಷಯದಲ್ಲಿ ಅಂಥ ಬಾಗಿಲೇ ಇಲ್ಲ.

ಇನ್ನು ಕ್ರಿಕೆಟ್. ಇಎ 2006ರಲ್ಲಿ ಕ್ರಿಕೆಟ್ 07 ತಂದು, ಆಮೇಲೆ ಕ್ರಿಕೆಟ್ ಕಡೆ ತಲೆ ಹಾಕಲಿಲ್ಲ. ಅದನ್ನು ವರ್ಷಗಟ್ಟಲೆ ಬದುಕಿಸಿದ್ದು ಪ್ಯಾಚ್ (ಗೇಮ್‌ಗೆ ಹೊಸ ತಂಡ, ಆಟಗಾರರನ್ನು ಸೇರಿಸುವ ಫೈಲ್) ಮಾಡಿ ಹಂಚಿದ ಹುಡುಗರು. ನಮ್ಮ 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಕುಮಾರ್ ಕೈಲಿ ಆರ್‌ಸಿಬಿ ಪರ ಬೌಲಿಂಗ್ ಹಾಕಿಸಬೇಕು ಅಂದರೆ ಆ ಐಪಿಎಲ್ ಪ್ಯಾಚ್‌ಗಳೇ ಗತಿ. ಕನ್ಸೋಲ್‌ನಲ್ಲಿ ಮೆಲ್ಬರ್ನ್‌ನ ಬಿಗ್ ಆಂಟ್ 2014ರಿಂದ ಹೆಚ್ಚುಕಡಿಮೆ ಒಂಟಿ. ನಿಜವಾದ ಪೈಪೋಟಿ ಇರುವುದು ನಿಮ್ಮ ಮೊಬೈಲ್‌ನಲ್ಲಿ: ಚೆನ್ನೈನ ನೆಕ್ಸ್ಟ್‌ವೇವ್‌ನವರ ಡಬ್ಲ್ಯೂಸಿಸಿ (ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್), ನಾಟಿಲಸ್‌ನವರ ರಿಯಲ್ ಕ್ರಿಕೆಟ್. ಒಂದು ಬೇಜಾರಾದರೆ ಅನ್‌ಇನ್‌ಸ್ಟಾಲ್ ಮಾಡಿ ಇನ್ನೊಂದಕ್ಕೆ ಹೋಗ್ತೀರಿ, ಅಲ್ವಾ? ಆ ಭಯ ಅವರಿಬ್ಬರಿಗೂ ಇರಲಿ. ಐಪಿಎಲ್‌ನವರು ಹಕ್ಕು ಕೊಡುವುದಾದರೆ ಕೇಳಿದ ಇಬ್ಬರಿಗೂ ಕೊಡಲಿ, ಅದೂ ಎರಡು ಮೂರು ವರ್ಷದ ಮಟ್ಟಿಗೆ.