ಬ್ಲೂಲಿಂಕ್ ಆ್ಯಪ್ ಬಿಟ್ಟು ಸ್ವಂತ ಸ್ಕ್ರಿಪ್ಟಿನಿಂದ ಹ್ಯುಂಡೈ ಇವಿಯ ಎಸಿ, ಚಾರ್ಜಿಂಗ್ ನಡೆಸಬಹುದೇ? ಕಾರಿಗೆ ತೊಂದರೆ ಇದೆಯೇ?

ನಡೆಸಬಹುದು. ತೊಂದರೆ ಆಗುತ್ತದೋ ಇಲ್ಲವೋ ಅನ್ನುವುದು, ನಿಮ್ಮ ಸ್ಕ್ರಿಪ್ಟ್ ಮಲಗಿರುವ ಕಾರನ್ನು ದಿನಕ್ಕೆ ಎಷ್ಟು ಸಲ ಎಬ್ಬಿಸುತ್ತದೆ ಅನ್ನುವುದರ ಮೇಲಿದೆ.

ಪೈಥಾನ್‌ನಲ್ಲಿ ‘ಹ್ಯುಂಡೈ ಕಿಯಾ ಕನೆಕ್ಟ್ ಎಪಿಐ’ ಎಂಬ ಓಪನ್ ಸೋರ್ಸ್ ಲೈಬ್ರರಿ (ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಕೋಡ್) ಇದೆ, ಪೈಥಾನ್‌ನ ಪಿಪ್ ಕಮಾಂಡಿನಿಂದ ಇನ್‌ಸ್ಟಾಲ್ ಆಗುತ್ತದೆ. ಕಂಪನಿ ಕೊಟ್ಟದ್ದಲ್ಲ, ಫೋನಿನ ಆ್ಯಪ್ ಸರ್ವರ್ ಜೊತೆ ಹೇಗೆ ಮಾತಾಡುತ್ತದೆಂದು ನೋಡಿ ಬರೆದದ್ದು. ಹಾಗಾಗಿ ಕಂಪನಿ ಸರ್ವರ್ ಬದಲಿಸಿದ ದಿನ ಕೈಕೊಡುತ್ತದೆ. ಲೈಬ್ರರಿಗೆ ಕೊಡಬೇಕಾದ ರೀಜನ್ ಸಂಖ್ಯೆ ಭಾರತಕ್ಕೆ 6, ಯುರೋಪಿಗೆ 1. ಬ್ರ್ಯಾಂಡ್ ಹ್ಯುಂಡೈಗೆ 2, ಕಿಯಾಗೆ 1. ಇದರ ಜೊತೆ ಆ್ಯಪ್‌ನ ಲಾಗಿನ್, ಪಾಸ್‌ವರ್ಡ್, ನಾಲ್ಕಂಕಿಯ ಪಿನ್ ಬೇಕು. ಕೋಡ್ ಬರೆಯುವ ಉಸಾಬರಿ ಬೇಡವೆಂದರೆ ಇದೇ ಲೈಬ್ರರಿ ಬಳಸುವ ಇಂಟಿಗ್ರೇಷನ್ (ಜೋಡಣೆಯ ಆಡ್-ಆನ್), ಮನೆಯ ಸಾಧನಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಎಂಬ ಸಾಫ್ಟ್‌ವೇರ್‌ಗೆ, ಅದರ ಸಮುದಾಯದ ಆಡ್-ಆನ್ ಮಳಿಗೆ ಹ್ಯಾಕ್ಸ್ (HACS) ಮೂಲಕ ಸಿಗುತ್ತದೆ.

ಇನ್ನು ಮುಖ್ಯ ವಿಷಯ. ಮಾಹಿತಿ ಓದಲು ಎರಡು ದಾರಿ ಇವೆ. ಒಂದು, ಕಾರು ಕೊನೆಯ ಸಲ ಸರ್ವರ್‌ಗೆ ಕಳಿಸಿಟ್ಟದ್ದನ್ನು ಓದುವುದು. ಇದರಿಂದ ಕಾರಿಗೆ ಏನೂ ತಿಳಿಯುವುದೇ ಇಲ್ಲ. ಇನ್ನೊಂದು ಫೋರ್ಸ್ ರಿಫ್ರೆಶ್: ಸರ್ವರ್ ಕಾರಿನ ಮೋಡೆಮ್ಮನ್ನು ಎಬ್ಬಿಸಿ, ಹೊಸ ಲೆಕ್ಕ ತರಿಸುತ್ತದೆ. ಈ ಎಬ್ಬಿಸುವ ಕರೆಂಟ್ ದೊಡ್ಡ ಬ್ಯಾಟರಿಯದಲ್ಲ, 12 ವೋಲ್ಟಿನ ಚಿಕ್ಕ ಬ್ಯಾಟರಿಯದು. ಐದು ನಿಮಿಷಕ್ಕೊಮ್ಮೆ ಫೋರ್ಸ್ ರಿಫ್ರೆಶ್ ಮಾಡುವ ಲೂಪ್ ಬರೆದಿಟ್ಟರೆ ದೊಡ್ಡ ಬ್ಯಾಟರಿ ಶೇ 80 ಇದ್ದರೂ ಬೆಳಿಗ್ಗೆ ಬಾಗಿಲು ತೆರೆಯದಿರಬಹುದು. ಇಂಟಿಗ್ರೇಷನ್ನಿನ ಡೀಫಾಲ್ಟ್ ಸುಮ್ಮನೆ ಇಟ್ಟದ್ದಲ್ಲ: ಸರ್ವರ್ ಓದುವುದು 30 ನಿಮಿಷಕ್ಕೊಮ್ಮೆ, ಎಬ್ಬಿಸುವುದು 240 ನಿಮಿಷಕ್ಕೊಮ್ಮೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಬ್ಬಿಸುವಂತೆಯೇ ಇಲ್ಲ. ನನ್ನ ಕೇಳಿದರೆ ಫೋರ್ಸ್ ರಿಫ್ರೆಶ್ಶನ್ನು ಪೂರ್ತಿ ಆಫ್ ಮಾಡಿ, ಬೇಕಾದಾಗ ಒಂದು ಬಟನ್ ಒತ್ತಿ ತರಿಸಿಕೊಳ್ಳಿ. 12 ವೋಲ್ಟ್ ಬ್ಯಾಟರಿಯ ಶೇಕಡಾವಾರು ಸೆನ್ಸರ್ ಬಂದರೆ ಅದನ್ನು ಹೋಮ್ ಅಸಿಸ್ಟೆಂಟ್‌ನ ಡ್ಯಾಶ್‌ಬೋರ್ಡಿನಲ್ಲಿ ಎಲ್ಲಕ್ಕಿಂತ ಮೇಲಿಡಿ.

ಎಸಿ ವಿಷಯ. ಲೈಬ್ರರಿಯಲ್ಲಿರುವ ಯುರೋಪಿನ ಕೋಡಿನಲ್ಲಿ ತಾಪಮಾನ 14 ಡಿಗ್ರಿಯಿಂದ ಅರ್ಧರ್ಧ ಡಿಗ್ರಿಯ ಪಟ್ಟಿ. ಅದರಲ್ಲಿನ ಸ್ಥಾನವೇ ಹೆಕ್ಸ್ (ಹದಿನಾರರ ಲೆಕ್ಕದ) ಕೋಡ್ ಆಗಿ ಹೋಗುತ್ತದೆ. ಸೊನ್ನೆಯಿಂದ ಎಣಿಸಿದರೆ 24 ಡಿಗ್ರಿ ಇಪ್ಪತ್ತನೇ ಸ್ಥಾನ, ಅಂದರೆ ಹೆಕ್ಸ್‌ನಲ್ಲಿ 14. ನೀವು 24.3 ಕೊಟ್ಟರೆ ಪಟ್ಟಿಯಲ್ಲಿ ಸಿಗದೆ ಸ್ಕ್ರಿಪ್ಟ್ ಅಲ್ಲೇ ಬೀಳುತ್ತದೆ. ಕಮಾಂಡ್ ಹೋಯಿತು ಎಂದರೆ ಎಸಿ ಓಡಿತು ಎಂದಲ್ಲ. ಸಿಗುವುದು ಒಂದು ಆ್ಯಕ್ಷನ್ ಐಡಿ ಮಾತ್ರ, ಸ್ವಲ್ಪ ಬಿಟ್ಟು ಅದರ ಸ್ಥಿತಿ ಕೇಳಬೇಕು. ಅವಸರಪಟ್ಟು ಮತ್ತೆ ಕಳಿಸಿದರೆ 4004 ಎಂಬ ಎರರ್ ಸಂಖ್ಯೆ ಬರುತ್ತದೆ, ಹಿಂದಿನದೇ ಇನ್ನೂ ಮುಗಿದಿಲ್ಲ ಎಂದರ್ಥ. 4081 ಅಥವಾ 9999 ಬಂದರೆ ಕಾರು ಉತ್ತರಿಸಿಲ್ಲ. ಬೇಸ್‌ಮೆಂಟ್ ಪಾರ್ಕಿಂಗ್ ಆಗಿದ್ದರೆ ಮೊದಲು ಸಿಗ್ನಲ್ಲನ್ನೇ ಅನುಮಾನಿಸಿ, ಕೋಡನ್ನಲ್ಲ. 5091 ಅಂದರೆ ಕರೆಗಳ ಮಿತಿ ಮುಗಿದಿದೆ. ಯುರೋಪಿನಲ್ಲಿ ಅದು ದಿನಕ್ಕೆ 200.

ಚಾರ್ಜಿಂಗನ್ನು ಶೇ 80ಕ್ಕೆ ನಿಲ್ಲಿಸಲು ಸ್ಕ್ರಿಪ್ಟ್ ಕಾಯುತ್ತ ಕೂರುವುದು ಬೇಡ. ಕಾರಿಗೇ ಮಿತಿ ಹೇಳಿಬಿಡಿ. ಎಸಿ ಕರೆಂಟಿನ (ಮನೆಯ) ಚಾರ್ಜಿಂಗ್, ಡಿಸಿ ಕರೆಂಟಿನ (ಫಾಸ್ಟ್) ಚಾರ್ಜಿಂಗ್ ಎರಡಕ್ಕೂ 50ರಿಂದ 100ರವರೆಗೆ ಹತ್ತರ ಹೆಜ್ಜೆಯಲ್ಲಿ ಕೊಡಬಹುದು. ಆಮೇಲೆ ಮನೆಯ ಇಂಟರ್ನೆಟ್ ಹೋದರೂ ಚಿಂತೆಯಿಲ್ಲ.

ಸುರಕ್ಷತೆಗೆ ಒಂದು ಮಾತು. 2016ರಲ್ಲಿ ನಿಸ್ಸಾನ್ ಲೀಫ್ ಎಂಬ ಇವಿಯ ಸರ್ವರ್ ಪಾಸ್‌ವರ್ಡೇ ಕೇಳುತ್ತಿರಲಿಲ್ಲ. ಗಾಜಿನ ಹಿಂದೆ ಕಾಣುವ ಚಾಸಿಸ್ ನಂಬರ್ ಇದ್ದರೆ ಸಾಕಿತ್ತು. ಸೈಬರ್ ಸುರಕ್ಷತಾ ತಜ್ಞ ಟ್ರಾಯ್ ಹಂಟ್ ಆಸ್ಟ್ರೇಲಿಯಾದಲ್ಲಿ ಕೂತು ಇಂಗ್ಲೆಂಡಿನ ಕಾರಿನ ಎಸಿ ಹಾಕಿ ತೋರಿಸಿದ ಮೇಲೆ ಕಂಪನಿ ಆ ಆ್ಯಪ್ ಸೇವೆಯನ್ನು ನಿಲ್ಲಿಸಿತು. ಹ್ಯುಂಡೈನಲ್ಲಿ ಪಾಸ್‌ವರ್ಡ್, ಪಿನ್ ಎರಡೂ ಇವೆ, ಆದರೆ ಅವು ಈಗ ನಿಮ್ಮ ಫೈಲಿನಲ್ಲಿ ಕೂತಿವೆ. ಆ ಫೈಲನ್ನು ಗಿಟ್‌ಹಬ್‌ಗೆ (ಕೋಡ್ ಹಂಚುವ ತಾಣಕ್ಕೆ) ಸೇರಿಸಬೇಡಿ, ಹೋಮ್ ಅಸಿಸ್ಟೆಂಟ್‌ನ ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ತೆರೆಯಬೇಡಿ, ಅನ್‌ಲಾಕ್ ಕಮಾಂಡನ್ನು ಯಾವ ಆಟೊಮೇಷನ್ನಿಗೂ ಕಟ್ಟಬೇಡಿ.