ಸಿಂಗಪುರದ ಫಿರಂಗಿಗಳು ನಿಜಕ್ಕೂ ತಿರುಗಲಿಲ್ವಾ?

ಪ್ರಶ್ನೆ: ರಜೆಯಲ್ಲಿ ಮಕ್ಕಳ ಜೊತೆ ಸಿಂಗಪುರಕ್ಕೆ ಹೋಗಿದ್ದೆವು. ಸೆಂಟೋಸಾ ದ್ವೀಪದ ಸಿಲೋಸೊ ಕೋಟೆ ತೋರಿಸಿದ ಗೈಡ್, ‘ಬ್ರಿಟಿಷರು ಫಿರಂಗಿಗಳನ್ನೆಲ್ಲ ಸಮುದ್ರದ ಕಡೆಗೇ ಇಟ್ಟಿದ್ದರು, ಜಪಾನಿಯರು ಹಿಂದಿನಿಂದ ಬಂದುಬಿಟ್ಟರು’ ಅಂದರು. ಅಷ್ಟೊಂದು ದಡ್ಡರಿದ್ದರಾ?
– ಓದುಗರು, ಜಯನಗರ

ಉತ್ತರ: ಅರ್ಧ ನಿಜ. ಇಡೀ ಸಿಂಗಪುರದಲ್ಲಿದ್ದ ದೊಡ್ಡ ಫಿರಂಗಿಗಳು ಐದು, ಎಲ್ಲ 15 ಇಂಚು ಅಗಲದ ನಳಿಗೆಯವು. ದ್ವೀಪದ ಪೂರ್ವ ತುದಿಯ ಚಾಂಗಿಯಲ್ಲಿ ಮೂರು, ಪಶ್ಚಿಮ ಭಾಗದ ಬ್ಯೂನಾ ವಿಸ್ಟಾದಲ್ಲಿ ಎರಡು. ಚಾಂಗಿಯದನ್ನು ನಮ್ಮ ಮೆಜೆಸ್ಟಿಕ್‌ನಲ್ಲಿಟ್ಟು ಹಾರಿಸಿದರೆ ಗುಂಡು ಬಿಡದಿ ಹತ್ತಿರ ಹೋಗಿ ಬೀಳುತ್ತಿತ್ತು. ಬ್ಯೂನಾ ವಿಸ್ಟಾದ ಎರಡೂ ಜಪಾನಿಯರು ಬಂದ ಉತ್ತರ ದಿಕ್ಕಿಗೆ ತಿರುಗುತ್ತಿರಲಿಲ್ಲ, ಗೈಡ್ ಹೇಳಿದ್ದು ಅಷ್ಟಕ್ಕೆ ಸರಿ. ಚಾಂಗಿಯವು ತಿರುಗಿದವು, ಉತ್ತರಕ್ಕೆ ಜಲಸಂಧಿಯಾಚೆ ಇರುವ ಮಲಯದ ಊರು ಜೊಹೊರ್ ಬಹ್ರು ಕಡೆಗೆ ಹೊಡೆದವು ಕೂಡ.

ತೊಂದರೆ ಇದ್ದದ್ದು ಗುಂಡಿನಲ್ಲಿ. ಒಂದೊಂದೂ 800 ಕೆಜಿಗಿಂತ ಜಾಸ್ತಿ ತೂಕ, ಆದರೆ ಬಹುಪಾಲು ಹಡಗಿನ ಉಕ್ಕು ಸೀಳಿ ಒಳಗೆ ಹೋಗಿ ಸಿಡಿಯಲೆಂದೇ ಮಾಡಿದ್ದು. ರಬ್ಬರ್ ತೋಟದ ಮೆತ್ತನೆ ಮಣ್ಣಿಗೆ ಬಿದ್ದರೆ ಆಳಕ್ಕೆ ಹೂತುಹೋಗಿ ಅಲ್ಲೇ ಸಿಡಿಯುತ್ತದೆ, ಆಚೆ ಬದಿಯಲ್ಲಿ ಮಲಗಿರುವ ಸೈನಿಕನಿಗೆ ಏನೂ ಆಗುವುದಿಲ್ಲ. ಕಾಲಾಳು ಸೈನ್ಯ ಬಂದರೆ ಚೂರುಚೂರಾಗಿ ಚದುರುವ ಗುಂಡು ಬೇಕು. ಅದರ ದಾಸ್ತಾನು ತೀರಾ ಕಡಿಮೆ ಇತ್ತು.

ಇನ್ನೊಂದು ವಿಷಯವನ್ನು ಗೈಡ್‌ಗಳು ಹೇಳುವುದೇ ಇಲ್ಲ. ದ್ವೀಪದ ಉತ್ತರ ತುದಿಯ ಸೆಂಬವಾಂಗ್‌ನಲ್ಲಿ ಬ್ರಿಟಿಷರು ವರ್ಷಗಟ್ಟಲೆ ದುಡ್ಡು ಸುರಿದು ಕಟ್ಟಿದ ನೌಕಾನೆಲೆ 1938ರಲ್ಲಿ ಶುರುವಾಯಿತು, ದೈತ್ಯ ಯುದ್ಧನೌಕೆಗಳನ್ನು ರಿಪೇರಿಗೆ ನಿಲ್ಲಿಸುವಷ್ಟು ದೊಡ್ಡ ಡಾಕ್ ಇತ್ತು, ಇಲ್ಲದೇ ಇದ್ದದ್ದು ಹಡಗುಗಳು ಮಾತ್ರ. ಯುದ್ಧ ಬಂದಾಗ ಇಂಗ್ಲೆಂಡಿನಿಂದ ಕಳಿಸ್ತೀವಿ, ಅಲ್ಲಿಯವರೆಗೆ ಫಿರಂಗಿಗಳು ಕಾಯಲಿ ಅನ್ನೋದು ಲೆಕ್ಕ. ಯುರೋಪಿನಲ್ಲೇ ಯುದ್ಧ ಹತ್ತಿಕೊಂಡ ಮೇಲೆ ಯಾರು ಕಳಿಸ್ತಾರೆ? ಕೊನೆಗೆ ಬಂದ ಎರಡು ದೊಡ್ಡ ಹಡಗು, ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್, ಮೇಲೆ ಕಾವಲಿಗೆ ವಿಮಾನ ಇಲ್ಲದೆ ಹೊರಟು 1941ರ ಡಿಸೆಂಬರ್ 10ರಂದು ಜಪಾನಿ ವಿಮಾನಗಳಿಗೆ ಸಿಕ್ಕಿ ಮುಳುಗಿದವು. ನನ್ನ ಪ್ರಕಾರ ಸಿಂಗಪುರ ಬಿದ್ದದ್ದು ಆವತ್ತೇ.

ಆಮೇಲೆ ಜಪಾನಿಯರು ಮಲಯದ ಉದ್ದಕ್ಕೂ ಸೈಕಲ್ ತುಳಿದುಕೊಂಡೇ ಇಳಿದು ಬಂದರು. 1942ರ ಫೆಬ್ರುವರಿ 8ರ ರಾತ್ರಿ ಜಲಸಂಧಿ ದಾಟಿದರು, 15ಕ್ಕೆ ಬ್ರಿಟಿಷ್ ಸೇನಾಪತಿ ಜನರಲ್ ಪರ್ಸಿವಲ್ ಶರಣಾದ. ಸೆರೆ ಸಿಕ್ಕವರಲ್ಲಿ ಹೆಚ್ಚುಕಡಿಮೆ ಅರ್ಧ ಭಾರತೀಯರು, ಐಎನ್‌ಎ, ಅಂದರೆ ಆಜಾದ್ ಹಿಂದ್ ಫೌಜ್ ಕಥೆ ಶುರುವಾಗುವುದು ಅಲ್ಲಿಂದ.

ಅಂದಹಾಗೆ ಸೆಂಟೋಸಾದ ಹಳೇ ಹೆಸರು ಬ್ಲಕಾಂಗ್ ಮಾತಿ. ಮಲಯ ಭಾಷೆಯಲ್ಲಿ ಬ್ಲಕಾಂಗ್ ಅಂದರೆ ಹಿಂದೆ, ಮಾತಿ ಅಂದರೆ ಸಾವು. ಹೆಸರಿನಲ್ಲೇ ಎಚ್ಚರಿಕೆ ಇತ್ತು ನೋಡಿ!

ಪ್ರಶ್ನೆ: ಶ್ರೀಲಂಕಾದ ತ್ರಿಂಕೋಮಲಿ ಮೇಲೆ ಎಲ್ಲರಿಗೂ ಯಾಕೆ ಕಣ್ಣು?
– ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಅಲ್ಲಿನ ಬಂದರಿಗಾಗಿ. ಆಳವಾದ ನೀರು, ಸುತ್ತ ಗುಡ್ಡ, ಕಿರಿದಾದ ಬಾಯಿ. ಬಂಗಾಳ ಕೊಲ್ಲಿಯಲ್ಲಿ ಬಿರುಗಾಳಿ ಎದ್ದರೂ ಹಡಗು ಒಳಗೆ ಸುಮ್ನೆ ನಿಂತಿರುತ್ತದೆ. ಪೋರ್ಚುಗೀಸರು, ಡಚ್ಚರು, ಫ್ರೆಂಚರು, ಬ್ರಿಟಿಷರು ಸರದಿಯಲ್ಲಿ ಬಂದು ಹಿಡಿದದ್ದು ಅದಕ್ಕೇ. ದೇಶ 1948ರಲ್ಲಿ ಸ್ವತಂತ್ರವಾದರೂ ಬ್ರಿಟಿಷ್ ನೌಕಾಪಡೆ 1957ರವರೆಗೆ ಜಾಗ ಬಿಡಲಿಲ್ಲ.

ಮಜಾ ಏನೆಂದರೆ, 1942ರ ಏಪ್ರಿಲ್ 9ರಂದು ಜಪಾನಿ ವಿಮಾನಗಳು ಬರುತ್ತವೆ ಅಂತ ಗೊತ್ತಾದಾಗ ಇಷ್ಟು ಭದ್ರವಾದ ಬಂದರಿನಿಂದ ಹಡಗುಗಳನ್ನೇ ಹೊರಗೆ ಓಡಿಸಬೇಕಾಯಿತು. ಹಾಗೆ ಹೋದ ವಿಮಾನವಾಹಕ ನೌಕೆ ಹರ್ಮಿಸ್, ಬಟ್ಟಿಕಲೋವಾ ಹತ್ತಿರ ಸಿಕ್ಕಿಬಿದ್ದು ಮುಳುಗಿತು.

ಹೋದರೆ ಕೋಣೇಶ್ವರ ದೇವಸ್ಥಾನಕ್ಕೆ ಹೋಗಿ ಬನ್ನಿ. ದಾರಿ ಇರುವುದೇ ಫ್ರೆಡರಿಕ್ ಕೋಟೆಯ ಬಾಗಿಲೊಳಗಿಂದ. ಕೋಟೆ ತುಂಬ ಜಿಂಕೆಗಳಿವೆ, ಕೈಯಲ್ಲಿ ಬಾಳೆಹಣ್ಣು ಇದ್ದರೆ ಹುಷಾರು.